ಹರವಿಯಲ್ಲಿಟ್ಟ ಮೂರು ಸೀಸೆ

"ಇದರಾಗ ಇಟ್ಟಿದ್ವಿ ನೋಡ್ರಿ," ಎಂದು ಶಹಜಹಾನಬೇಗಂ ಮಣ್ಣಿನ ಹರವಿಯ ಮುಚ್ಚಳ ತೆಗೆದಳು.

ಸುಹಾಸಿನಿ ಬಗ್ಗಿ ನೋಡಿದಳು. ತಳದ ಕೆಂಪು ಮಣ್ಣು ಕಾಣುವಷ್ಟು ತಿಳಿಯಾದ ಕುಡಿಯುವ ನೀರು.

"ನೀರಿನಾಗ?"

"ಹೌದ್ರಿ. ತಂಪಿನಾಗ ಇಡ್ರಿ, ಬಿಸಿ ತಾಕಸಬ್ಯಾಡ್ರಿ ಅಂದಿದ್ರಂತ. ನಮ್ಮ ಮನ್ಯಾಗ ಫ್ರಿಜ್ ಎಲ್ಲೈತ್ರಿ? ಅತ್ತಿ ತಮ್ಮ ಹಳೇ ದುಪಟ್ಟಾದ ಚೂರಿನಾಗ ಬಾಟ್ಲಿ ಗಂಟು ಕಟ್ಟಿ, ದಾರ ಹಾಕಿ ಇಳಿಬಿಟ್ಟಿದ್ರು. ಮೇ ತಿಂಗಳ ಬಿಸಲು. ದಿನಾ ಎರಡ ಸಲ ನಾನ ನೀರ ಬದಲಿ ಮಾಡ್ತಿದ್ದೆ."

ಹೊಸ್ತಿಲಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಶಿದ್ದಪ್ಪ ಮೀಸೆ ಒರೆಸಿಕೊಂಡ. "ಕುಡಿಯೂ ನೀರಿನಾಗ ಹುಣ್ಣಿನ ಔಷಧ! ನಮ್ಮ ಮನ್ಯಾಕಿ ಹಿಂಗ ಮಾಡಿದ್ರ ನಾ ಬೈತಿದ್ದೆ ನೋಡವಾ."

"ನಮ್ಮ ಅತ್ತೀಗೆ ಬೈಬೇಕಿತ್ತು ನೀವು! ಹರವಿ ಸಮೇತ ನಿಮ್ಮ ತಲಿ ಮ್ಯಾಲ ಸುರೂತಿದ್ರು," ಎಂದು ಶಹಜಹಾನಬೇಗಂ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಸೆರಗಿನ ಅಂಚು ಬಾಯಿಗೆ ಹೋಯಿತು.

ಬೈಯಿಸಿಕೊಳ್ಳಲು ಈಗ ಆ ಅತ್ತೆ, ಮದೀನಾಬಿ, ಇರಲಿಲ್ಲ. ಸಕ್ಕರೆ ಕಾಯಿಲೆಯ ಮುದುಕಿ. ಕಾಲಿನ ಹುಣ್ಣು ನಂಜಾಗಿ ಮೈಗೆಲ್ಲ ಏರಿ ಐದು ತಿಂಗಳ ಹಿಂದೆ ತೀರಿಹೋಗಿದ್ದಳು. ಅದಾಗಿ ನಾಲ್ಕನೆಯ ದಿನ ಕೆಲಗೇರಿ ಕೆರೆಯಲ್ಲಿ ಸುಹಾಸಿನಿಯ ಗಂಡ ವಿನೋದನ ಹೆಣ ತೇಲಿತ್ತು. ದಂಡೆಯ ಮೇಲೆ ನಿಲ್ಲಿಸಿದ್ದ ಅವನ ಸ್ಕೂಟರಿನ ಡಿಕ್ಕಿಯಲ್ಲಿ ಔಷಧದ ಮೂರು ಸೀಸೆ ಸಿಕ್ಕಿದ್ದವು. ಮೂರಕ್ಕೂ ಅವನದೇ ಕೈಬರಹದ ಚೀಟಿ. ಇಲಿಗಳ ಮೇಲಷ್ಟೇ ಪರೀಕ್ಷಿಸಿದ ಔಷಧವನ್ನು ತಾನು ಕೆಲಸ ಮಾಡುವ ಸಂಶೋಧನಾಲಯದಿಂದ ಕದ್ದು ಮುದುಕಿಗೆ ಕೊಟ್ಟ, ಮುದುಕಿ ಸತ್ತಳು, ತಪ್ಪಿನ ಭಾರ ತಾಳದೆ ಕೆರೆಗೆ ಬಿದ್ದ ಎಂದು ಪೊಲೀಸರು ಕಡತ ಮುಚ್ಚಿದ್ದರು.

ಸುಹಾಸಿನಿ ಮಾತ್ರ ಮುಚ್ಚಿರಲಿಲ್ಲ. ಅವಳಿಗೆ ಉಳಿದದ್ದು ಅದೊಂದೇ ಕೆಲಸ. ಗಂಡನ ಹೆಸರಿಗೆ ಹತ್ತಿದ ಮಸಿ ತೊಳೆಯುವುದು. ಅತ್ತು ಮುಗಿದಿತ್ತೋ, ಇನ್ನೂ ಶುರುವಾಗಿರಲಿಲ್ಲವೋ, ಅವಳಿಗೇ ತಿಳಿಯದು. ಊಟ, ನಿದ್ದೆ, ಬಸ್ಸು, ಎಲ್ಲವೂ ಯಾರದೋ ಕೈಕಾಲುಗಳು ಮಾಡಿದ ಹಾಗೆ ನಡೆದಿದ್ದವು.

"ತಂಪಿನಾಗ ಇಡ್ರಿ ಅಂತ ಖರೇನ ಹೇಳಿದ್ರ?" ಎಂದು ಇನ್ನೊಮ್ಮೆ ಕೇಳಿದಳು.

"ಅಲ್ಲಾನ ಆಣಿ. ಅತ್ತಿ ಹುಬ್ಬಳ್ಳಿಂದ ತಂದ ದಿನಾನ ಹೇಳಿದ್ರು. ಪುಡೀನ ಕಾಸಿ ಆರಿಸಿದ ನೀರಿನಾಗ ಕಲಸಿ ಹುಣ್ಣಿಗೆ ಹನಿ ಹಾಕೂದು, ಉಳಿದದ್ದು ತಂಪಿನಾಗ ಇಡೂದು. ನಾಕು ಬಾಟ್ಲಿ ಕೊಟ್ಟಿದ್ರು. ಒಂದು ಮುಗೀತು. ಅಷ್ಟರಾಗ..."

"ಕೊಟ್ಟವರು ಯಾರು?"

"ಅದನ್ನ ಹೇಳಲಿಲ್ರಿ. ಹೆಸರು ಹೇಳಂಗಿಲ್ಲ ಅಂತ ಮಾತು ಕೊಟ್ಟೇನಿ ಅಂದ್ರು. ಮಗಾ ಕೇಳಿದ, ನಾ ಕೇಳಿದೆ. ಕಡೀ ದಿನಾ ಜ್ವರದಾಗ ಬಡಬಡಿಸಾಕತ್ತಿದ್ರು, ಆವಾಗೂ ಬಾಯಿ ಬಿಡಲಿಲ್ಲ. ಔಷಧ ಸಿಕ್ಕೈತೆಲ್ಲಾ ಅಂತ ಸರಕಾರಿ ದವಾಖಾನಿ ಪಟ್ಟಿ ಕಟ್ಟಸ್ಕೊಳ್ಳೂದೂ ಬಿಟ್ಟಿದ್ರು." ಅವಳು ಮುಚ್ಚಳ ಮುಚ್ಚಿದಳು. "ಆ ನಂಬಿಗೀನ ಕೊಂದಿತ್ರಿ ಅವರನ್ನ."

ಸುಹಾಸಿನಿ ಗೋಡೆಗೆ ಒರಗಿದಳು.

ಧಾರವಾಡದ ಆ ಸಂಶೋಧನಾಲಯದಲ್ಲಿ ವಿನೋದ ನಾಲ್ಕು ವರ್ಷ ತೇಯ್ದದ್ದು ಒಂದೇ ವಸ್ತುವಿಗಾಗಿ. ಯಂತ್ರದಲ್ಲಿ ಹೆಣೆದ ಒಂದು ಪೆಪ್ಟೈಡು, ಎಂದರೆ ಪ್ರೋಟೀನಿನ ಚಿಕ್ಕ ತುಂಡು, ಹದಿನೈದು ಕೊಂಡಿಯ ಸರಪಳಿ. ಇಲಿಯ ಬೆನ್ನಿನ ಗಾಯಕ್ಕೆ ಹಾಕಿದರೆ ಗಾಯ ಬೇಗ ಕೂಡುತ್ತಿತ್ತು. ಆದರೆ ಬಿಸಿ ತಾಕಿದರೆ ಸರಪಳಿ ಹರಿಯುತ್ತಿತ್ತು. ಹರಿದ ಮೇಲೆ ಅದು ಬರೀ ಬಿಳಿ ಪುಡಿ. ಹಳೆಯ ಔಷಧವನ್ನು ಫ್ರಿಜ್ಜಿನಿಂದ ಹೊರಗಿಡುವಂತಿರಲಿಲ್ಲ.

ಬಿಸಿಗೆ ಹರಿಯದ ಹಾಗೆ ಅದನ್ನು ಗಟ್ಟಿ ಮಾಡಿದ್ದೇ ವಿನೋದ. ಕಳೆದ ವರ್ಷದ ಏಪ್ರಿಲಿನಲ್ಲಿ ಹೊಸ ಔಷಧದ ಒಂದು ಸೀಸೆಯನ್ನು ಮನೆಯ ತಗಡಿನ ಮೇಲೆ ಒಂದು ತಿಂಗಳು ಬಿಸಿಲಿಗಿಟ್ಟು, ಆಮೇಲೆ ಪರೀಕ್ಷೆ ಮಾಡಿ, ಓಡಿ ಬಂದು ಅಡಿಗೆಮನೆಯಲ್ಲಿ ಅವಳನ್ನು ಎತ್ತಿ ತಿರುಗಿಸಿದ್ದ. "ಇನ್ನ ಇದಕ್ಕ ಫ್ರಿಜ್ ಬ್ಯಾಡ, ಸುಹಾ! ಹಳ್ಳಿ ದವಾಖಾನಿ ಕಪಾಟಿನಾಗ ಕೂಡ್ತದ ಇದು." ಅವಳ ಕೈಯಲ್ಲಿನ ಲಟ್ಟಣಿಗೆ ಅವನ ತಲೆಗೆ ಬಡಿದಿತ್ತು. ಅದಕ್ಕೂ ನಕ್ಕಿದ್ದ.

ಅಂಥವನು ತನ್ನ ಔಷಧ ಕೊಟ್ಟು, ತಂಪಿನಲ್ಲಿಡಿ ಎಂದು ಹೇಳುತ್ತಾನೆಯೇ? ಕನಸಿನಲ್ಲೂ ಇಲ್ಲ.

"ಕಾಕಾ, ಹರವಿಯೊಳಗ ಇದ್ದದ್ದು ವಿನೋದನ ಔಷಧ ಅಲ್ಲ," ಎಂದಳು. "ಹಳೇದು. ಅಂವ ಗಟ್ಟಿ ಮಾಡೂದಕ್ಕಿಂತ ಮೊದಲಿಂದು."

"ಮತ್ತ ಚೀಟಿ? ಚೀಟಿ ಸಾಹೇಬರದ ಇತ್ತಲ್ರಿ ಬಾಯಾರ. ಪಂಚನಾಮಿ ಬರದಾಂವ ನಾನ."

ಸುಹಾಸಿನಿ ಶಹಜಹಾನಬೇಗಂ ಕಡೆಗೆ ತಿರುಗಿದಳು. "ಬಾಟ್ಲಿ ಮ್ಯಾಲ ಕಾಗದ ಇತ್ತೇನು?"

"ಇತ್ರಿ. ನೀರಿನಾಗ ಎಷ್ಟ ದಿನಾ ಇರ್ತೈತಿ? ಮರುದಿನಾನ ಬಿಟ್ಟು ತೇಲಿತು. ಅಕ್ಷರ ಇದ್ದ ಕಾಗದ ಕಾಲಾಗ ಬೀಳಬಾರದು ಅಂತಿದ್ರು ಅತ್ತಿ. ಓದಾಕ ಬರ್ತಿರಲಿಲ್ಲ, ಆದ್ರೂ ಬಸ್ಸಿನ ಚೀಟೀನೂ ಎತ್ತಿ ಇಡ್ತಿದ್ರು. ಇವನ್ನೂ ಆರಿಸಿ ಆ ಗೂಡಿನಾಗ ಇಟ್ರು. ಮೂರು ಹಿಟ್ಟಾಗಿ ಹೋಗಿದ್ದು, ಒಂದ ಉಳದಿತ್ತು."

ಗೋಡೆಯ ಗೂಡಿನಲ್ಲಿ ಈಗ ಒಂದು ಜಪಮಣಿ ಸರ ಮಾತ್ರ ಇತ್ತು.

ಶಿದ್ದಪ್ಪ ಅಲ್ಲೇ ಕುಳಿತು, ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡ. ನಿವೃತ್ತಿಗೆ ಮೂರು ತಿಂಗಳು ಉಳಿದ ಮನುಷ್ಯ. ಕೆರೆಯಿಂದ ವಿನೋದನನ್ನು ಎತ್ತಿದವನೂ ಅವನೇ. "ಡಿಕ್ಕಿಯೊಳಗ ಸಿಕ್ಕ ಚೀಟಿ ಹೊಸಾ ಮದಿವಿ ಕಾರ್ಡಿನಂಗ ಇದ್ದುರಿ," ಎಂದ ಮೆಲ್ಲಗೆ. "ಮಸಿ ಒಂದ ಹನಿ ಹರದಿರಲಿಲ್ಲ. ಹಂಗಾದ್ರ ಹರವಿಂದ ತಗದ ಮ್ಯಾಲ ಯಾರೋ ಹಚ್ಯಾರ."

"ಹರವಿಂದ ತಗದವರು ಯಾರು?"

"ಒಬ್ಬ ಬಾಯಿ ಬಂದಿದ್ರು," ಎಂದಳು ಶಹಜಹಾನಬೇಗಂ. "ಅತ್ತೀನ ಮಣ್ಣ ಮಾಡಿ ಮೂರನೇ ದಿನಾ, ಜಿಯಾರತ್ ಇತ್ತು. ಮನಿ ತುಂಬ ಮಂದಿ. ಸ್ಕೂಟಿ ಮ್ಯಾಲ ಬಂದು ಔಷಧ ಕಂಪನಿಯಾಕಿ ಅಂದ್ರು. ಬಾಟ್ಲಿ ಕೇಳಿದ್ರು, ಚೀಟಿ ಕೇಳಿದ್ರು. ಪೊಲೀಸರು ಅವತ್ತಿನ್ನಾ ಬಂದಿರಲಿಲ್ಲ, ಕೊಟ್ಟಬಿಟ್ಟೆ. ಅಳಾಕತ್ತಿದ್ರು. ಚಹಾ ಮುಂದ ಇಟ್ಟೆ, ಕುಡೀಲಿಲ್ಲ. ಮುಸಲರ ಮನಿ ಅಂತ ಕುಡೀಲಿಲ್ಲೋ, ದುಃಖಕ್ಕ ಕುಡೀಲಿಲ್ಲೋ, ನನಗೇನ ಗೊತ್ತು?"

"ಹೆಂಗಿದ್ರು ನೋಡಾಕ?"

"ನಿಮ್ಮ ವಾರಿಗಿಯವರ. ಎಡಗೈ ಮ್ಯಾಲ ಸುಟ್ಟ ಕಲಿ ಇತ್ರಿ. ವೀಳ್ಯದೆಲಿ ಹಂಗ."

ಸುಹಾಸಿನಿ ತನ್ನ ಮುಂದಿದ್ದ ಚಹಾದ ಬಟ್ಟಲನ್ನು ಎತ್ತಿ, ಆರಿದ್ದನ್ನು ಪೂರ್ತಿ ಕುಡಿದಳು.

ಎಂ.ಎಸ್‌ಸಿ. ಎರಡನೆಯ ವರ್ಷ, ಪ್ರಯೋಗಶಾಲೆಯಲ್ಲಿ ಆ ಕೈಯ ಮೇಲೆ ಆಮ್ಲ ಚೆಲ್ಲಿದಾಗ ನಲ್ಲಿಯ ಕೆಳಗೆ ಹಿಡಿದವಳು ಸುಹಾಸಿನಿಯೇ. ಹಾಸ್ಟೆಲಿನ ವರೆಗೂ ಒದ್ದೆ ಕರವಸ್ತ್ರ ಸುತ್ತಿ ಕರೆದುಕೊಂಡು ಹೋಗಿದ್ದಳು. ಆ ಕೈಯೇ ಈ ಐದು ತಿಂಗಳೂ ಪ್ರತಿ ಗುರುವಾರ ಅವಳ ಬಾಗಿಲಿಗೆ ರೊಟ್ಟಿಯ ಡಬ್ಬಿ ತಂದಿಡುತ್ತಿತ್ತು.

ಸುಮಲತಾ.

*

ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಸುಮಲತಾಳ ಮನೆಯ ಮೆಟ್ಟಿಲ ಬುಡದಲ್ಲಿ ಶಿದ್ದಪ್ಪ ನಿಂತುಬಿಟ್ಟ.

"ನಾ ಮ್ಯಾಲ ಬಂದ್ರ ಅದು ವಿಚಾರಣಿ ಆಕ್ಕೈತ್ರಿ. ನೀವು ಒಬ್ರ ಹೋದ್ರ ಗೆಳತ್ಯಾರ ಮಾತು. ಹತ್ತು ಮಿನಿಟು ಕೊಟ್ಟೇನಿ. ಆಮ್ಯಾಲ ನಾನೂ ಬರಾಂವ."

"ಸಾಹೇಬರಿಗೆ ಗೊತ್ತಾದ್ರ?"

"ಸಾಹೇಬರು ಫೈಲ್ ಮುಚ್ಯಾರ, ನನ್ನ ಕಣ್ಣ ಮುಚ್ಚಿಲ್ರಿ. ಹೋಗ್ರಿ."

ಬಾಗಿಲು ತೆರೆದೇ ಇತ್ತು. ಸುಮಲತಾ ಡಬ್ಬಿಗೆ ಪಲ್ಯ ತುಂಬುತ್ತಿದ್ದಳು. ಅಂದು ಗುರುವಾರ.

"ಅಯ್ಯ, ನಾನ ಬರಾಕತ್ತಿದ್ದೆ! ಕೂಡು. ಬದನಿಕಾಯಿ ಮಾಡೇನಿ ಇವತ್ತ. ಹೋದ ವಾರದ ರೊಟ್ಟಿ ತಿಂದಿಯೋ, ಆಕಳಿಗೆ ಹಾಕಿದ್ಯೋ?"

"ಸುಳ್ಳ ಅನ್ನೂ ಹಳ್ಳಿಗೆ ಹೋಗಿದ್ದೆ, ಸುಮಾ."

ಮುಚ್ಚಳ ತಿರುಗಿಸುತ್ತಿದ್ದ ಕೈ ನಿಂತಿತು.

"ಯಾರ ಮನಿಗೆ?"

"ನೀ ಚಹಾ ಕುಡೀದ ಬಂದ ಮನಿಗೆ."

ಕೆಳಗೆ ಬೀದಿಯಲ್ಲಿ ಒಂದು ಆಟೋ ಹಾರ್ನ್ ಬಾರಿಸುತ್ತ ಹೋಯಿತು. ಸುಮಲತಾ ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

"ನೀನ ಒಯ್ದಿ," ಎಂದಳು ಸುಹಾಸಿನಿ. ಸಿಟ್ಟು ಬರಬೇಕಿತ್ತು, ದನಿ ಪಾಠ ಒಪ್ಪಿಸಿದಂತಿತ್ತು. "ನೀನ ಅವನ ಚೀಟಿ ಹಚ್ಚಿದಿ. ನೀನ ಅವನ ಡಿಕ್ಕಿಯೊಳಗ ಇಟ್ಟಿ. ಆಮ್ಯಾಲ ಐದು ತಿಂಗಳ ನನಗ ರೊಟ್ಟಿ ತಂದ ಕೊಟ್ಟಿ."

"ಒಯ್ದಾಕಿ ನಾನ. ಉಳಿದದ್ದು ನಾನಲ್ಲ."

"ಮತ್ತ ಯಾರು?"

"ವಿನೋದ."

ಸುಹಾಸಿನಿ ಕುಳಿತಳು. ಕುಳಿತ ಮೇಲೆ, ಅದು ಯಾವ ಕುರ್ಚಿ ಎಂದು ಸುಮಲತಾಳ ಕಣ್ಣು ನೋಡಿ ತಿಳಿಯಿತು.

"ಹೂಂ. ಅಲ್ಲೇ ಕೂತಿದ್ದ," ಎಂದಳು ಸುಮಲತಾ. "ಮುದುಕಿ ಸತ್ತ ಸುದ್ದಿ ಬಂತು. ಸಂಶೋಧನಾಲಯದ ಔಷಧ ಅಂತ ಅಷ್ಟ ತಾಯಿ ಹೇಳಿದ್ಲಂತ, ಮಗಾ ಡೈರೆಕ್ಟರಗ ಫೋನ್ ಮಾಡಿದ್ದ. ವಿನೋದ ನನ್ನ ಕಡೆ ಬಂದು, ಹೆಣ್ಣಮಗಳು ಹೋದ್ರ ಮನಿಯೊಳಗ ಬಿಡ್ತಾರ, ನೀ ಹೋಗಿ ತಗೊಂಡ ಬಾ ಅಂದ. ತಂದು ಅವನ ಕೈಗೇ ಕೊಟ್ಟೆ. ಟವೆಲ್ಲಿಲೆ ಒರಸಿದ. ಕಿಸೆದಾಗಿನ ಹಾಳಿ ತಗದು ಚೀಟಿ ಬರದ, ಒಂದೊಂದ ಹಚ್ಚಿದ. ನನ್ನ ಕಣ್ಣ ಮುಂದ."

"ಕೈ ನಡಗತಿದ್ವೇನು?" ಅದನ್ನೇ ಯಾಕೆ ಕೇಳಿದಳೋ.

"ಇಲ್ಲ. ನಗತಿದ್ದ. ನಾಳೆ ಹತ್ತು ಗಂಟೇಕ್ಕ ಡೈರೆಕ್ಟರ್ ಮುಂದ ಇಡ್ತೇನಿ, ಕೆಲಸಾ ಹೋಗ್ತದ, ಹೋಗವಲ್ದ್ಯಾಕ ಅಂದ. ಇನ್ನೊಂದು ಕಪ್ಪ ಚಹಾ ಹಾಕಿಸಿಕೊಂಡ."

ನಾಳೆ ಹತ್ತು ಗಂಟೆಗೆ. ಸುಹಾಸಿನಿ ಆ ಮಾತನ್ನು ಒಳಗೇ ಇಟ್ಟುಕೊಂಡಳು. ನಾಳೆಯ ಗಂಟೆ ಗೊತ್ತುಮಾಡಿಕೊಂಡವನು, ಎರಡನೆಯ ಕಪ್ಪು ಚಹಾ ಕೇಳಿದವನು, ಅದೇ ಸಂಜೆ ಕೆರೆಯಲ್ಲಿದ್ದ.

"ತನ್ನದಲ್ಲದ ಔಷಧಕ್ಕ ತನ್ನ ಚೀಟಿ ಯಾಕ ಹಚ್ಚಿದ? ಹೇಳು."

"ಹೇಳಂಗಿಲ್ಲ ಅಂತ ಆಣಿ ಮಾಡಿಸಿಕೊಂಡಾನ."

"ಆಣಿ ಮಾಡಿಸಿಕೊಂಡಾಂವ ಸತ್ತಾನ, ಸುಮಾ. ಕಳ್ಳ ಅನಿಸಿಕೊಂಡು ಸತ್ತಾನ. ಕಿರಾಣಿ ಅಂಗಡಿಯಾಂವ ಸೈತ ನನ್ನ ಮಾರಿ ನೋಡಿ ದನಿ ತಗ್ಗಸ್ತಾನ. ನೀ ರೊಟ್ಟಿ ತರಬ್ಯಾಡ. ಖರೇ ಹೇಳು."

ಸುಮಲತಾ ಸುಟ್ಟ ಕಲೆಯನ್ನು ಉಜ್ಜಿಕೊಂಡಳು. ಆಮೇಲೆ ಎದ್ದು ಒಳಗೆ ಹೋದಳು. ಬರುವಾಗ ಕೈಯಲ್ಲಿ ಬಿಸ್ಕೀಟಿನ ಹಳೆಯ ಡಬ್ಬಿ. ಅದರೊಳಗಿಂದ ಪ್ಲಾಸ್ಟಿಕ್ಕಿನಲ್ಲಿ ಮಡಿಸಿದ ಒಂದು ಕಾಗದ ತೆಗೆದು ಮೇಜಿನ ಮೇಲೆ ಇಟ್ಟಳು.

ಹೆಬ್ಬೆರಳಿನಷ್ಟು ಚೀಟಿ. ನೆನೆದು, ಒಣಗಿ, ಹಪ್ಪಳದ ಹಾಗೆ ಸುರುಟಿತ್ತು. ಮಸಿ ಹರಡಿತ್ತು, ಆದರೂ ಓದಬಹುದಿತ್ತು. ಲಾಟ್ ಹನ್ನೊಂದು. ಕೆಳಗೆ ಮೂರು ವರ್ಷದ ಹಿಂದಿನ ತಾರೀಖು, ಎರಡು ಸಾವಿರದ ಮೂರನೆಯ ಇಸವಿಯದು. ಅದರ ಕೆಳಗೆ ತಯಾರಿಸಿದವರ ಹೆಸರು.

ಸುಹಾಸಿನಿ.

ಅವಳದೇ ಅಕ್ಷರ. ಸಾಲೆಯಲ್ಲಿ ಈರವ್ವ ಅಕ್ಕಾವರು ಕೈ ಹಿಡಿದು ತಿದ್ದಿಸಿದ ದುಂಡಗಿನ ಅಕ್ಷರ.

"ಆ ಹಳೇ ಲಾಟು ಪೂರಾ ನಾಶ ಮಾಡ್ರಿ ಅಂತ ಹುಕುಂ ಆಗಿತ್ತು," ಎಂದಳು ಸುಮಲತಾ. "ನಾಶ ಮಾಡೇನಿ ಅಂತ ರಜಿಸ್ಟರಿನಾಗ ಸಹಿ ನಿಂದು. ಚೀಟಿ ಇಲ್ಲದ ಬಾಟ್ಲಿ ಒಯ್ದು ಕೊಟ್ರ ಒಳಗಿನ ಪುಡಿ ಪರೀಕ್ಷಾಕ್ಕ ಕಳಸ್ತಾರ, ಹಳೇದು ಅಂತ ಗೊತ್ತಾಗ್ತದ, ರಜಿಸ್ಟರ್ ತಗೀತಾರ, ನಿನ್ನ ಹಿಡೀತಾರ. ತನ್ನ ಚೀಟಿ ಇದ್ರ ಯಾರೂ ಪರೀಕ್ಷಾ ಮಾಡಂಗಿಲ್ಲ. ತಪ್ಪು ಒಪ್ಪಿಕೊಂಡಾವನ ಮಾಲು ಯಾರರ ಒಡದು ನೋಡ್ತಾರೇನು ಅಂದ." ಅವಳು ಚೀಟಿಯನ್ನು ಸುಹಾಸಿನಿಯ ಕಡೆಗೆ ಸರಿಸಿದಳು. "ಅವನು ಚೀಟಿ ಹಚ್ಚಿದ್ದು ಬಾಟ್ಲಿಗೆ ಅಲ್ಲ ಸುಹಾ. ನಿನ್ನ ಹೆಸರಿನ ಮ್ಯಾಲ."

ಸುಹಾಸಿನಿ ಚೀಟಿಯನ್ನು ಮುಟ್ಟಲಿಲ್ಲ.

ಅದು ಮದುವೆಗೆ ಹೊರಟ ದಿನ. ಆಗ ವಿನೋದ, ಸುಮಲತಾರ ಜೊತೆ ಅವಳೂ ಆ ಸಂಶೋಧನಾಲಯದಲ್ಲೇ ಕೆಲಸಕ್ಕಿದ್ದಳು. ಮರುದಿನ ಊರಲ್ಲಿ ಅರಿಶಿನ, ಐದು ಗಂಟೆಗೆ ಬಸ್ಸು. ನಾಶ ಮಾಡುವುದೆಂದರೆ ಒಂದೊಂದೇ ಸೀಸೆ ಒಡೆದು ಕ್ಷಾರದ ನೀರಿಗೆ ಸುರಿಯಬೇಕು. ಎರಡು ತಾಸಿನ ಕೆಲಸ. ರಜಿಸ್ಟರ್ ನೋಡಿಕೊಳ್ಳುವವರು ನಾಲ್ಕಕ್ಕೇ ಕಪಾಟಿಗೆ ಬೀಗ ಹಾಕಿ ಹೊರಡುತ್ತಿದ್ದರು. ಹಾಗಾಗಿ ಅಲ್ಲಿ ಎಲ್ಲರದೂ ಒಂದೇ ಪದ್ಧತಿ. ಸಹಿ ಮೊದಲು, ಕೆಲಸ ಆಮೇಲೆ. ಅಂದು ಅವಳೂ ಸಹಿ ಮಾಡಿದ್ದಳು. ಕೆಲಸ ಮಾಡಿರಲಿಲ್ಲ.

ಆಮೇಲೆ ಮದುವೆ ಬಂತು, ಮನೆ ಬಂತು. ಆ ಸೀಸೆಗಳಿದ್ದ ಟ್ರೇ ಅವಳ ನೆನಪಿನಿಂದ ಹೇಗೆ ಜಾರಿತೆಂದರೆ, ಈಗ ಬೇರೆ ಯಾರದೋ ಕಥೆ ಕೇಳಿದ ಹಾಗಾಯಿತು.

"ಒಂದು ಬೊಗಸಿ ಪುಡಿ," ಎಂದಳು ತನಗೇ. "ಒಬ್ಬ ಮುದುಕಿ. ಅವನು."

"ಸುಹಾ, ನೀ ನಾಶ ಮಾಡಲಿಲ್ಲ ಅನ್ನೂದು ಅವನಿಗೆ ಹೆಂಗ ಗೊತ್ತಾತು ಅಂತ ನಾ ಕೇಳಿದ್ದೆ. ಉತ್ತರಾ ಕೊಡಲಿಲ್ಲ. ಈಗ ನಿನ್ನ ಕೇಳ್ತೇನಿ. ಅವತ್ತ ಆ ಟ್ರೇ ಎಲ್ಲಿ ಹೋತು? ಯಾರ ಕೈಯಾಗ ಕೊಟ್ಟಿ?"

"ನಾನೂ ಅದನ್ನ ಕೇಳಾಂವ," ಎಂದು ಬಾಗಿಲಲ್ಲಿ ದನಿ ಬಂತು.

ಶಿದ್ದಪ್ಪ ಯಾವಾಗ ಬಂದಿದ್ದನೋ. ಮೆಟ್ಟಿಲು ಹತ್ತಿದ್ದಕ್ಕೆ ಏದುತ್ತಿದ್ದ. ಮೇಜಿನ ಮೇಲಿನ ಚೀಟಿಯನ್ನು ನೋಡಿದ, ಸುಹಾಸಿನಿಯ ಮುಖ ನೋಡಿದ. ಅವನ ಮುಖದಲ್ಲಿ ಪೊಲೀಸಿನವನು ಇರಲಿಲ್ಲ; ಮಗಳ ತಪ್ಪು ಕಂಡ ತಂದೆಯ ಸಂಕಟವಿತ್ತು. ಆದರೂ ಒಳಗೆ ಬಂದು ಕುಳಿತು ಕಿಸೆಯಿಂದ ಹಾಳೆ ತೆಗೆದ, ಮೊಣಕಾಲಿನ ಮೇಲೆ ಹಾಸಿದ.

"ಆ ಟ್ರೇ ಯಾರ ಕೈಗೆ ಹೋತೋ ಅಲ್ಲಿಂದನ ಮುದುಕಿ ಮನಿಗೆ ದಾರಿ ಐತ್ರಿ ಬಾಯಾರ. ನೆನಪ ಮಾಡಿಕೊಂಡ ಹೇಳ್ರಿ. ಯಾರಿಗೆ ಕೊಟ್ರಿ?"

ನೆನಪು ಮಾಡಿಕೊಳ್ಳಬೇಕಾದ್ದೇನೂ ಇರಲಿಲ್ಲ. ಎಲ್ಲ ಒಮ್ಮೆಲೇ ಎದುರಿಗೆ ಬಂದು ನಿಂತಿತ್ತು.

ಕಾರಿಡಾರಿನ ಸಂಜೆ ಬಿಸಿಲು. ಎದುರಿಗೆ ಬಂದು ಅವಳ ಕೈಯಿಂದ ಟ್ರೇ ಕಸಿದುಕೊಂಡ ವಿನೋದ. "ನೀ ನಡಿ, ಬಸ್ ತಪ್ತದ. ಮದುಮಗಳ ಕೈ ಸುಟ್ಟಗಿಟ್ಟೀತು. ಇದನ್ನ ನಾ ಮಾಡ್ತೇನಿ." ಗೇಟಿನ ಹತ್ತಿರ ಅವಳು ತಿರುಗಿ ನೋಡಿದಾಗ, ಆ ಟ್ರೇಯನ್ನು ಆರತಿ ತಟ್ಟೆಯ ಹಾಗೆ ಎತ್ತಿ ಬೆಳಗಿ ನಗಿಸಿದ್ದ.

ಮಾಡುತ್ತೇನೆ ಎಂದವನು ಮಾಡಲಿಲ್ಲ. ಹೊಸದರ ಜೊತೆ ಹೋಲಿಸಿ ನೋಡಲು ಹಳೆಯದು ಬೇಕೆಂದು ಇಟ್ಟುಕೊಂಡನೋ? ಇಟ್ಟದ್ದನ್ನು ಯಾರಾದರೂ ಕದ್ದರೋ? ಇಲ್ಲಾ, ಕುಂಟುತ್ತ ಬಂದ ಮುದುಕಿಯ ಕಾಲು ನೋಡಲಾರದೆ ಅವನೇ ಕೊಟ್ಟನೋ? ಹೇಳುವವರಿಬ್ಬರೂ ಮಣ್ಣು ಸೇರಿದ್ದರು.

ವಿನೋದನ ಕೈಗೆ ಕೊಟ್ಟೆ ಎಂದರೆ, ತಾನು ಪಾರು. ಆದರೆ ಐದು ತಿಂಗಳಿಂದ ತೊಳೆಯಹೊರಟ ಹೆಸರಿಗೆ ತನ್ನ ಬಾಯಿಂದಲೇ ಅಳಿಸಲಾಗದ ಮಸಿ ಬಳಿದಂತೆ. ಅವಳ ಸಹಿಯನ್ನು ಮುಚ್ಚಲು ಅವನು ತನ್ನ ಹೆಸರು ಕೊಟ್ಟಿದ್ದ.

"ಬಾಯಾರ?"

"ಯಾರ ಕೈಗೂ ಕೊಡಲಿಲ್ಲ, ಕಾಕಾ," ಎಂದಳು ಸುಹಾಸಿನಿ. "ನಾನ ಫ್ರಿಜ್ಜಿನಾಗ ಇಟ್ಟು ಊರಿಗೆ ಹೋದೆ. ವಿನೋದಗ ಏನೂ ಗೊತ್ತಿರಲಿಲ್ಲ."

ಶಿದ್ದಪ್ಪ ಪೆನ್ನಿನ ಟೊಪ್ಪಿಗೆ ತೆಗೆಯಲಿಲ್ಲ. "ವಿಚಾರ ಮಾಡಿ ಹೇಳ್ರಿ. ಇದನ್ನ ನಾ ಬರಕೊಂಡ್ರ ಮುಚ್ಚಿದ ಫೈಲು ನಾಳೆ ಮುಂಜಾನೆ ತಗೀತಾರ. ಖರೇ, ನೀವು ಬೇಡಿದ್ದೂ ಅದನ್ನ. ಆದ್ರ ತಗದ ಫೈಲಿನಾಗ ಮೊದಲನೇ ಹೆಸರು ನಿಮ್ಮದ ಇರ್ತೈತಿ. ಜೈಲಿನ ಮಾತಿದು ತಂಗೀ."

ಬಾಯಾರ ಹೋಗಿ ತಂಗಿ ಆಗಿದ್ದಳು. ಅಷ್ಟಕ್ಕೇ, ಐದು ತಿಂಗಳಲ್ಲಿ ಮೊದಲ ಸಲ, ಅವಳ ಕಣ್ಣು ತುಂಬಿತು.

"ಬರೀರಿ, ಕಾಕಾ."

ಪೆನ್ನು ಹಾಳೆಗೆ ತಾಕಿತು. ತಾರೀಖು ಬರೆದ, ಊರು ಬರೆದ. ಅವಳ ಹೆಸರಿನ ಮೊದಲ ಅಕ್ಷರಕ್ಕೆ ಬಂದಾಗ ಸುಮಲತಾಳ ಸುಟ್ಟ ಕೈ ಹಾಳೆಯ ಮೇಲೆ ಬಂದು ಕೂತಿತು.

"ಬರೀಬ್ಯಾಡ್ರಿ," ಎಂದಳು ಅವಳು. ಶಿದ್ದಪ್ಪನನ್ನಲ್ಲ, ಸುಹಾಸಿನಿಯನ್ನೇ ನೋಡುತ್ತಿದ್ದಳು. "ಟ್ರೇ ಯಾರ ಕೈಗೆ ಹೋತು ಅಂತ ಗೊತ್ತಿದ್ದ ನಿನ್ನ ಕೇಳಿದೆ. ಆ ಸಂಜಿ ಕಾರಿಡಾರಿನಾಗ ನಾನೂ ಇದ್ದೆ."